ಅಂಗೈ ಪರದೆಗೆ ಮೊದಲ ಮಣೆ

1999ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ ‘ಟ್ವಿನ್ಸ್’ ಎಂಬ ಪ್ರಾಯೋಗಿಕ ಸೇವಾ ಕೇಂದ್ರ ಶುರುವಾಯಿತು. ಅಲ್ಲಿಯತನಕ ಹೈದರಾಬಾದ್–ಸಿಕಂದರಾಬಾದ್ ಅವಳಿ ನಗರದ ಜನ ಕರೆಂಟ್ ಬಿಲ್ಲಿಗೆ ಒಂದು ಕಚೇರಿ, ನೀರಿನ ಬಿಲ್ಲಿಗೆ ಇನ್ನೊಂದು, ಆಸ್ತಿ ತೆರಿಗೆಗೆ ಮತ್ತೊಂದು ಎಂದು ಅಲೆಯಬೇಕಿತ್ತು. ಹೊಸ ಕೇಂದ್ರದಲ್ಲಿ ಯಾವ ಕೌಂಟರಿನ ಮುಂದೆ ನಿಂತರೂ ಈ ಎಲ್ಲ ಕೆಲಸ ಮುಗಿಯುತ್ತಿತ್ತು. 2001ರ ಆಗಸ್ಟ್‌ನಲ್ಲಿ ಅದೇ ‘ಇ-ಸೇವಾ’ ಎಂಬ ಹೆಸರು ಹೊತ್ತು ನಗರದ ಬಡಾವಣೆಗಳಿಗೆ ಹರಡಿತು. 2011ರಲ್ಲಿ ‘ಮೀಸೇವಾ’ ಬಂತು. 2018ರಲ್ಲಿ ತೆಲಂಗಾಣ ಸರ್ಕಾರ ‘ಟಿ ಆ್ಯಪ್ ಫೋಲಿಯೊ’ ಮೂಲಕ ಸೇವೆಗಳನ್ನು ಮೊಬೈಲ್ ಫೋನಿಗೇ ತಂದಿತು.

ಈ ಬದಲಾವಣೆಯಲ್ಲಿ ಇಲಾಖೆಗಳು ಒಂದೂ ಕಡಿಮೆಯಾಗಲಿಲ್ಲ. ವಿದ್ಯುತ್ತಿನವರು ವಿದ್ಯುತ್ತಿನವರಾಗಿಯೇ, ನೀರಿನವರು ನೀರಿನವರಾಗಿಯೇ ಉಳಿದರು. ಬದಲಾದದ್ದು ಜನರು ಅವರಿಗೆ ಎದುರಾಗುವ ಕ್ರಮ. ಒಳಗಿನ ವಿಂಗಡಣೆಯ ಭಾರವನ್ನು ಹೊರಗೆ ನಿಂತವನ ಹೆಗಲಿಗೆ ಹೇರಬಾರದು ಎಂಬ ತಿಳಿವಳಿಕೆ ಅದರಲ್ಲಿತ್ತು.

ಇಂದು ಆಸ್ಪತ್ರೆಯೋ ಕಾಲೇಜೋ ಸಹಕಾರ ಸಂಘವೋ ಸರ್ಕಾರಿ ಕಚೇರಿಯೋ ತನ್ನ ಜಾಲತಾಣವನ್ನು ಹೊಸದಾಗಿ ಕಟ್ಟಲು ಹೊರಟಾಗ ಮೊದಲ ಸಭೆಯಲ್ಲಿ ಚರ್ಚೆಯಾಗುವುದು ಬಣ್ಣ, ಲೋಗೊ ಮತ್ತು ಮುಖಪುಟದ ದೊಡ್ಡ ಚಿತ್ರ. ಬಂಜಾರಾ ಹಿಲ್ಸ್‌ನ ಆ ಕೌಂಟರ್ ಎತ್ತಿದ ಪ್ರಶ್ನೆ ಸಭೆ ಮುಗಿಯುವವರೆಗೂ ಬರುವುದಿಲ್ಲ: ಇಲ್ಲಿಗೆ ಬರುವವರಿಗೆ ಏನು ಬೇಕು? ಜಾಲತಾಣದ ಮರುವಿನ್ಯಾಸ ಗೆಲ್ಲುವುದೂ ಸೋಲುವುದೂ ಈ ಪ್ರಶ್ನೆಯನ್ನು ಎಷ್ಟು ಬೇಗ ಕೇಳಿದೆವು ಎಂಬುದರ ಮೇಲೆ. ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮುಂದಿಡುವುದು ನಮ್ಮ ಅಂಗೈಯಲ್ಲಿರುವ ಚಿಕ್ಕ ಪರದೆ.

ಒಂದೇ ಪುಟ, ಹತ್ತಾರು ಪರದೆ

ಮೊದಲ ದಶಕಗಳ ಜಾಲತಾಣಗಳು ಮೇಜಿನ ಮೇಲಿನ ಕಂಪ್ಯೂಟರಿಗಾಗಿ ಹುಟ್ಟಿದವು. ಪುಟದ ಅಗಲ ಇಷ್ಟೇ ಎಂದು ಗೆರೆ ಎಳೆದು ಒಳಗೆ ಎಲ್ಲವನ್ನೂ ಜೋಡಿಸುವುದು ರೂಢಿ. 2007ರಲ್ಲಿ ಐಫೋನ್ ಬಂದ ಮೇಲೆ ಆ ಗೆರೆ ಅಳಿಸಿತು. ಕೆಲವು ಸಂಸ್ಥೆಗಳು ಮೊಬೈಲಿಗೆಂದೇ ಬೇರೆ ತಾಣ ಕಟ್ಟಿದವು. ಒಂದೇ ವಿಷಯವನ್ನು ಎರಡು ಕಡೆ ತಿದ್ದಬೇಕಾಯಿತು. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವುದೂ ಶುರುವಾಯಿತು.

2010ರ ಮೇ ತಿಂಗಳಲ್ಲಿ ಅಮೆರಿಕದ ವಿನ್ಯಾಸಕಾರ ಈಥನ್ ಮಾರ್ಕಾಟ್ ‘ಎ ಲಿಸ್ಟ್ ಅಪಾರ್ಟ್’ ಎಂಬ ಜಾಲಪತ್ರಿಕೆಯಲ್ಲಿ ಬರೆದ ಲೇಖನ ಈ ಗೊಂದಲಕ್ಕೆ ದಾರಿ ತೋರಿಸಿತು. ಅದಕ್ಕೆ ಅವರು ಕೊಟ್ಟ ಹೆಸರು ‘ರೆಸ್ಪಾನ್ಸಿವ್ ವೆಬ್ ಡಿಸೈನ್’. ಪುಟದ ಅಂಕಣಗಳನ್ನು ಪಿಕ್ಸೆಲ್‌ನಲ್ಲಿ ಅಳೆಯದೆ ಶೇಕಡಾವಾರು ಅಳೆಯುವುದು, ಚಿತ್ರಗಳು ತಮ್ಮ ಅಂಕಣವನ್ನು ಮೀರದಂತೆ ಕುಗ್ಗಿಸುವುದು, ಪರದೆ ಎಷ್ಟು ಅಗಲವಿದೆ ಎಂದು ಬ್ರೌಸರ್‌ನಿಂದ ತಿಳಿದು ಜೋಡಣೆಯನ್ನು ಬದಲಿಸುವುದು, ಈ ಮೂರು ಉಪಾಯಗಳನ್ನು ಒಟ್ಟಿಗೆ ಬಳಸಿದರೆ ಒಂದೇ ಪುಟ ಎಲ್ಲ ಪರದೆಗೂ ಹೊಂದುತ್ತದೆ ಎಂದು ತೋರಿಸಿದರು. 2011ರ ಸೆಪ್ಟೆಂಬರ್‌ನಲ್ಲಿ ‘ಬಾಸ್ಟನ್ ಗ್ಲೋಬ್’ ಪತ್ರಿಕೆಯ ಹೊಸ ತಾಣ ಇದೇ ಬಗೆಯಲ್ಲಿ ಹೊರಬಂದಾಗ, ದಿನಕ್ಕೆ ನೂರಾರು ಸುದ್ದಿ ಹಾಕುವ ದೊಡ್ಡ ತಾಣಕ್ಕೂ ಇದು ಸಾಧ್ಯ ಎಂಬ ನಂಬಿಕೆ ಬಂತು.

ಇದಕ್ಕೆ ಜೊತೆಯಾದ ಇನ್ನೊಂದು ಮಾತು ವಿನ್ಯಾಸಕಾರ ಲೂಕ್ ರೊಬ್ಲೆವ್‌ಸ್ಕಿ ಅವರದು. ದೊಡ್ಡ ಪರದೆಗೆ ಮಾಡಿದ್ದನ್ನು ಕುಗ್ಗಿಸಬೇಡಿ, ಚಿಕ್ಕದಕ್ಕೆ ಮಾಡಿದ್ದನ್ನು ಹಿಗ್ಗಿಸಿ ಎಂದು ಅವರು 2009ರಿಂದಲೇ ಹೇಳುತ್ತಿದ್ದರು. 2015ರ ಏಪ್ರಿಲ್‌ನಲ್ಲಿ ಗೂಗಲ್ ಕಂಪನಿ ಮೊಬೈಲಿನಲ್ಲಿ ಸರಿಯಾಗಿ ಕಾಣುವ ಪುಟಗಳಿಗೆ ಮೊಬೈಲ್ ಹುಡುಕಾಟದಲ್ಲಿ ಆದ್ಯತೆ ಕೊಡಲು ಶುರು ಮಾಡಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಕಂಪ್ಯೂಟರ್ ಮುಟ್ಟಿಯೇ ಇರದ ಅಸಂಖ್ಯ ಜನರಿಗೆ ಫೋನೇ ಮೊದಲ ಕಂಪ್ಯೂಟರ್, ಅದೇ ಕೊನೆಯದೂ ಆಯಿತು. ಪಶ್ಚಿಮದ ದೇಶಗಳಲ್ಲಿ ಹಲವರಿಗೆ ಮೊಬೈಲ್ ಎರಡನೆಯ ಪರದೆ. ನಮ್ಮಲ್ಲಿ ಬಹಳ ಮಂದಿಗೆ ಇರುವುದೇ ಅದೊಂದು.

ಬೀದರ್ ಬಸ್ಸಿನಲ್ಲಿ ಕೂತವರು

ಕನ್ನಡಿಗರಿಗೆ ಹೈದರಾಬಾದ್ ಪರವೂರಲ್ಲ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳಿಗೆ ಅದೇ ರಾಜಧಾನಿ. ಆ ವರ್ಷ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಆದರೆ ಹೈದರಾಬಾದಿನ ದಾರಿ ಸವೆಯುವುದು ನಿಲ್ಲಲಿಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳು ಆ ನಂಟಿನ ಗುರುತುಗಳು. ಓದಿಗೆ, ವ್ಯಾಪಾರಕ್ಕೆ, ಕೆಲಸಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ದೊಡ್ಡ ಕಾಯಿಲೆಯ ಚಿಕಿತ್ಸೆಗೆ ಕಲ್ಯಾಣ ಕರ್ನಾಟಕದ ಜನ ಇವತ್ತಿಗೂ ಅಲ್ಲಿಗೇ ಹೋಗುತ್ತಾರೆ.

ಅಂಥವರಲ್ಲಿ ಒಬ್ಬರನ್ನು ಮನಸ್ಸಿಗೆ ತಂದುಕೊಳ್ಳೋಣ. ಬೀದರ್‌ನಿಂದ ಹೊರಟ ಬಸ್ಸು, ಪಕ್ಕದ ಸೀಟಿನಲ್ಲಿ ಅಪ್ಪ, ತೊಡೆಯ ಮೇಲೆ ರಿಪೋರ್ಟುಗಳ ಫೈಲು. ಮಗ ಫೋನ್ ತೆಗೆದು ಆಸ್ಪತ್ರೆಯ ತಾಣ ತೆರೆಯುತ್ತಾನೆ. ಅವನಿಗೆ ಬೇಕಾದದ್ದು ಬೆರಳೆಣಿಕೆಯ ಸಂಗತಿ: ಆ ವೈದ್ಯರು ಇವತ್ತು ಹೊರರೋಗಿಗಳನ್ನು ನೋಡುತ್ತಾರೆಯೇ, ಚೀಟಿ ಎಷ್ಟು ಗಂಟೆಯವರೆಗೆ ಕೊಡುತ್ತಾರೆ, ಯಾವ ದಾಖಲೆ ಬೇಕು, ಕರ್ನಾಟಕದ ಆರೋಗ್ಯ ಕಾರ್ಡು ಇಲ್ಲಿ ನಡೆಯುತ್ತದೆಯೇ, ಯಾವ ಗೇಟಿನಿಂದ ಒಳಗೆ ಹೋಗಬೇಕು. ಹಳೆಯ ರೀತಿಯಲ್ಲಿ ಕಟ್ಟಿದ ತಾಣ ಅವನಿಗೆ ಮೊದಲು ತೋರಿಸುವುದು ಸರಿದಾಡುವ ಕಟ್ಟಡದ ಚಿತ್ರಗಳು, ಅಧ್ಯಕ್ಷರ ಸಂದೇಶ, ಪ್ರಶಸ್ತಿಗಳ ಪಟ್ಟಿ. ಸಮಯದ ವಿವರ ಒಂದು ಪಿಡಿಎಫ್ ಒಳಗಿರುತ್ತದೆ. ಬಸ್ಸು ಸಿಗ್ನಲ್ ಇಲ್ಲದ ಬಯಲಿಗೆ ಬಂದಾಗ ಆ ಪಿಡಿಎಫ್ ಇಳಿಯುವುದೇ ಇಲ್ಲ.

ದೊಡ್ಡ ಪರದೆಯಲ್ಲಿ ಸಂಸ್ಥೆಯೊಳಗಿನ ಎಲ್ಲರನ್ನೂ ಸಮಾಧಾನಪಡಿಸಬಹುದು. ಅಧ್ಯಕ್ಷರಿಗೆ ಎಡಗಡೆ, ಪ್ರಶಸ್ತಿಗೆ ಬಲಗಡೆ, ಹೊರರೋಗಿ ವಿಭಾಗಕ್ಕೆ ನಡುವೆ ಜಾಗ ಕೊಟ್ಟು ಮುಗಿಸಬಹುದು. ಅಂಗೈ ಪರದೆಯಲ್ಲಿ ಎಡಬಲಗಳೇ ಇಲ್ಲ. ಅಲ್ಲಿ ಎಲ್ಲವೂ ಒಂದರ ಕೆಳಗೊಂದು. ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸಲೇಬೇಕು. ತೀರ್ಮಾನಿಸದಿದ್ದರೆ ಯಂತ್ರ ತನ್ನ ಪಾಡಿಗೆ ತಾನು ಜೋಡಿಸುತ್ತದೆ. ಹಾಗಾಗಿ ರೆಸ್ಪಾನ್ಸಿವ್ ವಿನ್ಯಾಸವನ್ನು ಬರೀ ತಂತ್ರಜ್ಞರ ಕೆಲಸವೆಂದು ಅವರ ಕೈಗೆ ಒಪ್ಪಿಸಿ ಸುಮ್ಮನಿರುವುದು ತಪ್ಪು. ಯಾರಿಗೆ ಮೊದಲ ಜಾಗ ಎಂಬುದನ್ನು ಸಂಸ್ಥೆಯ ಹಿರಿಯರೇ ಕೂತು ನಿರ್ಧರಿಸಬೇಕು.

ಕಟ್ಟುವ ಮುನ್ನ ಎಣಿಸಬೇಕು

ಒಳ್ಳೆಯ ಯೋಜನೆ ಶುರುವಾಗುವುದು ಒಂದು ಉದ್ದನೆಯ ಪಟ್ಟಿಯಿಂದ. ಹಳೆಯ ತಾಣದ ಪ್ರತಿ ಪುಟವನ್ನೂ ಒಂದೊಂದು ಸಾಲಿನಲ್ಲಿ ಬರೆದುಕೊಳ್ಳಬೇಕು. ಇದನ್ನು ಬರೆದವರು ಯಾರು, ಕೊನೆಗೆ ತಿದ್ದಿದ್ದು ಯಾವಾಗ, ತಿಂಗಳಿಗೆ ಎಷ್ಟು ಜನ ನೋಡುತ್ತಾರೆ, ಈಗ ಇದರ ಹೊಣೆ ಯಾರದು ಎಂಬುದು ಪಕ್ಕದ ಅಂಕಣಗಳು. ಕೊನೆಯ ಅಂಕಣದಲ್ಲಿ ತೀರ್ಪು: ಇಡುವುದೋ, ಹೊಸದಾಗಿ ಬರೆಯುವುದೋ, ಬೇರೆ ಪುಟಕ್ಕೆ ಸೇರಿಸುವುದೋ, ತೆಗೆದುಹಾಕುವುದೋ. ವರ್ಷಗಳಿಂದ ಯಾರೂ ಮುಟ್ಟದ ಟೆಂಡರ್ ಪ್ರಕಟಣೆ, ನಿವೃತ್ತರಾದವರ ಫೋನ್ ನಂಬರ್, ಮುಗಿದುಹೋದ ಕಾರ್ಯಕ್ರಮದ ಆಹ್ವಾನ ಎಲ್ಲವೂ ಈ ಪಟ್ಟಿಯಲ್ಲಿ ಬೆಳಕಿಗೆ ಬರುತ್ತವೆ. ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟವರು ಹಳೆಯ ಕಸವನ್ನೇ ಹೊಸ ಅಟ್ಟಕ್ಕೆ ಸಾಗಿಸುತ್ತಾರೆ.

ಎರಡನೆಯ ಕೆಲಸ ಕಿವಿಗೊಡುವುದು. ಸ್ವಾಗತದ ಮೇಜಿನಲ್ಲಿ ಕೂರುವವರು, ಫೋನ್ ಎತ್ತುವವರು, ಗೇಟಿನ ಕಾವಲುಗಾರರು ದಿನವಿಡೀ ಯಾವ ಪ್ರಶ್ನೆಗೆ ಉತ್ತರಿಸುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು. ಆ ಪ್ರಶ್ನೆಗಳೇ ಮುಖಪುಟದ ನಿಜವಾದ ಕರಡು. ತಾಣದ ಹುಡುಕುವ ಪೆಟ್ಟಿಗೆಯಲ್ಲಿ ಜನ ಟೈಪಿಸಿದ ಮಾತುಗಳೂ ಅಷ್ಟೇ ಬೆಲೆಯವು. ವಿಷಯಗಳನ್ನು ಚೀಟಿಗಳ ಮೇಲೆ ಬರೆದು, ಹೊರಗಿನ ಕೆಲವರನ್ನು ಕರೆದು, ಯಾವುದು ಯಾವುದರ ಜೊತೆ ಇರಬೇಕೆಂದು ಅವರ ಕೈಯಲ್ಲೇ ಗುಂಪು ಮಾಡಿಸಿದರೆ ಮೆನು ತಾನಾಗಿ ರೂಪುಗೊಳ್ಳುತ್ತದೆ. ಇಲಾಖೆಗಳ ಹೆಸರಿನ ಮೆನು ಹೋಗಿ ಕೆಲಸಗಳ ಹೆಸರಿನ ಮೆನು ಬರುತ್ತದೆ.

ಮೂರನೆಯದು ಬರವಣಿಗೆ. ವಿನ್ಯಾಸ ಮುಗಿದ ಮೇಲೆ ಮಾತು ತುಂಬಿದರಾಯಿತು ಎಂದುಕೊಂಡು ಖಾಲಿ ಡಬ್ಬಿಗಳನ್ನು ಜೋಡಿಸುವ ಅಭ್ಯಾಸ ಬಹಳ ಕಡೆ ಇದೆ. ನಿಜವಾದ ಮಾತು ಬಂದು ಕೂತಾಗ ಡಬ್ಬಿಗಳು ಸಾಲುವುದಿಲ್ಲ. ಮೊದಲು ಬರೆದು, ಅದನ್ನು 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಇಟ್ಟು ಓದಿ, ಅಲ್ಲಿ ಸರಿಯೆನಿಸಿದ ಮೇಲೆ ಪುಟವನ್ನು ನಿಧಾನಕ್ಕೆ ಅಗಲಿಸುತ್ತ ಹೋಗಬೇಕು. ಸಾಲು ತೀರ ಉದ್ದವಾಗಿ ಕಣ್ಣು ದಣಿಯುವ ಜಾಗ ಬಂದಾಗ ಎರಡನೆಯ ಅಂಕಣ ತೆರೆಯಬೇಕು. ಈ ಕಸುಬಿನವರು ‘ಬ್ರೇಕ್‌ಪಾಯಿಂಟ್’ ಎನ್ನುವುದು ಅದನ್ನೇ. ಇಂತಿಂಥ ಕಂಪನಿಯ ಇಂತಿಂಥ ಫೋನಿಗೆಂದು ಅದನ್ನು ನಿಗದಿ ಮಾಡಿದರೆ ಮುಂದಿನ ವರ್ಷದ ಫೋನಿಗೆ ಅದು ಹೊಂದುವುದಿಲ್ಲ.

ಪುಟದ ತೂಕಕ್ಕೂ ಮೊದಲೇ ಮಿತಿ ಹಾಕಿಕೊಳ್ಳಬೇಕು. ಕ್ಯಾಮೆರಾದಿಂದ ನೇರ ಬಂದ ಒಂದು ಫೋಟೊ ಹಲವು ಎಂಬಿ ತೂಗುತ್ತದೆ. ಫೋನಿನ ಅಗಲಕ್ಕೆ ತಕ್ಕಂತೆ ಕುಗ್ಗಿಸಿದರೆ ನೂರು ಕೆಬಿ ಆಸುಪಾಸಿಗೆ ಇಳಿಯುತ್ತದೆ. ಪರದೆಗೆ ತಕ್ಕ ಅಳತೆಯ ಚಿತ್ರವನ್ನಷ್ಟೇ ಕಳಿಸುವ ಏರ್ಪಾಡು ಬ್ರೌಸರ್‌ಗಳಲ್ಲಿ ಈಗಾಗಲೇ ಇದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟ ಗುರಿ. ಬೀದರ್ ಬಸ್ಸಿನಲ್ಲಿ ಕೂತವನಿಗೆ ಆ ಗುರಿ ಐಷಾರಾಮವಲ್ಲ, ಅಗತ್ಯ.

ಲಿಪಿಗೂ ಲೆಕ್ಕವಿದೆ

ಹೈದರಾಬಾದಿನ ತಾಣಕ್ಕೆ ಬೇರೆ ಹಲವು ಊರಿನ ತಾಣಗಳಿಗಿಲ್ಲದ ಒಂದು ಪರೀಕ್ಷೆ ಇದೆ. ತೆಲುಗು ಮತ್ತು ಇಂಗ್ಲಿಷ್ ಜೊತೆಗೆ ಉರ್ದು ಬೇಕು. 2017ರಿಂದ ಅದು ತೆಲಂಗಾಣದ ಎರಡನೆಯ ಅಧಿಕೃತ ಭಾಷೆ. ಉರ್ದು ಬಲದಿಂದ ಎಡಕ್ಕೆ ಓಡುತ್ತದೆ. ಆ ಪುಟದಲ್ಲಿ ಮೆನು, ಬಾಣದ ಗುರುತು, ಅರ್ಜಿಯ ಖಾನೆಗಳು ಎಲ್ಲವೂ ಮಗ್ಗುಲು ಬದಲಿಸಬೇಕು. ಉರ್ದುವಿನ ನಸ್ತಾಲೀಕ್ ಶೈಲಿಯ ಬರಹ ಇಳಿಜಾರಾಗಿ ಸಾಗುವುದರಿಂದ ಸಾಲುಗಳ ನಡುವೆ ಬಹಳ ಜಾಗ ಕೇಳುತ್ತದೆ.

ಕನ್ನಡ ಮತ್ತು ತೆಲುಗು ಲಿಪಿಗಳು, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್‌ನಲ್ಲಿಯೂ ಅಕ್ಕಪಕ್ಕದ ಮನೆಯವು. ಎರಡರಲ್ಲೂ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲಕ್ಕೆ ಏರುತ್ತವೆ. ಇಂಗ್ಲಿಷಿಗೆಂದು ನಿಗದಿ ಮಾಡಿದ ಸಾಲಿನ ಎತ್ತರದಲ್ಲಿ ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಕುತ್ತದೆ. ಅಕ್ಷರದ ಎತ್ತರದ ಒಂದೂವರೆ ಪಟ್ಟಿಗಿಂತ ಹೆಚ್ಚು, ಒಂದು ಮುಕ್ಕಾಲು ಪಟ್ಟಿನಷ್ಟಾದರೂ ಸಾಲಿನ ಎತ್ತರ ಕೊಟ್ಟರೆ ಓದು ಹಗುರ. ಗುಂಡಿಗಳಿಗೆ ಎತ್ತರವನ್ನೂ ಅಗಲವನ್ನೂ ಬಿಗಿಯಾಗಿ ಕಟ್ಟಬಾರದು. ನಮ್ಮ ಸಮಾಸಪದಗಳು ಉದ್ದ, ವಿಭಕ್ತಿ ಸೇರಿದರೆ ಇನ್ನೂ ಉದ್ದ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಇಂಗ್ಲಿಷ್ ಶೋಕಿ ನಮ್ಮ ಲಿಪಿಗೆ ಒಗ್ಗದು. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು ಎಂಬುದೂ ನೆನಪಿರಲಿ.

ಫಾಂಟಿನ ವಿಷಯವೂ ಹಾಗೆಯೇ. ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ ಸಾನ್ಸ್ ಕನ್ನಡ, ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ, ಆ್ಯಪಲ್ ಸಾಧನಗಳಲ್ಲಿ ಕನ್ನಡ ಸಂಗಮ್ ಸಿಗುತ್ತವೆ. ಒಂದೊಂದರ ಮೈಕಟ್ಟು ಬೇರೆ. ಒಂದರಲ್ಲಿ ಹೊಂದಿದ ಶೀರ್ಷಿಕೆ ಇನ್ನೊಂದರಲ್ಲಿ ಮೂರನೆಯ ಸಾಲಿಗೆ ಇಳಿಯಬಹುದು. ಕನ್ನಡ ತಾಣವನ್ನು ಪರೀಕ್ಷಿಸುವುದೆಂದರೆ ಈ ಎಲ್ಲದರಲ್ಲೂ ಕಣ್ಣಾರೆ ನೋಡುವುದು.

ಯುನಿಕೋಡ್ ಬಳಕೆಗೆ ಬರುವ ಮುನ್ನ ನಮ್ಮ ಪತ್ರಿಕೆಗಳ ತಾಣಗಳು ತಮ್ಮ ತಮ್ಮ ಫಾಂಟುಗಳಲ್ಲಿದ್ದವು. ತೆಲುಗಿನ ‘ಈನಾಡು’ ತಾಣವೂ ತನ್ನದೇ ಫಾಂಟಿನಲ್ಲಿತ್ತು. ಅದನ್ನು ಯುನಿಕೋಡಿಗೆ ತಿರುಗಿಸಿ ಓದಲು ‘ಪದ್ಮ’ ಎಂಬ ಫೈರ್‌ಫಾಕ್ಸ್ ಸಲಕರಣೆಯನ್ನೇ ಉತ್ಸಾಹಿಗಳು ಕಟ್ಟಬೇಕಾಯಿತು. ಅಂಥ ಪುಟಗಳಲ್ಲಿ ಹುಡುಕಾಟ ನಡೆಯುತ್ತಿರಲಿಲ್ಲ, ನಕಲು ಮಾಡಿದರೆ ಅರ್ಥವಿಲ್ಲದ ಅಕ್ಷರ ಬರುತ್ತಿತ್ತು. ಅಲ್ಲಿಂದ ಯುನಿಕೋಡಿಗೆ ಬಂದದ್ದು ಭಾರತೀಯ ಭಾಷೆಗಳ ತಾಣಗಳು ಕಂಡ ಅತಿದೊಡ್ಡ ಮರುವಿನ್ಯಾಸ. 2000ದಲ್ಲಿ ಈಟಿವಿ ಕನ್ನಡ ವಾಹಿನಿ ಹುಟ್ಟಿದ್ದು ‘ಈನಾಡು’ ನಡೆಸುವ ಹೈದರಾಬಾದಿನ ರಾಮೋಜಿ ಬಳಗದಿಂದಲೇ. 2019ರಲ್ಲಿ ಅದೇ ಬಳಗದ ‘ಈಟಿವಿ ಭಾರತ್’ ಫೋನಿನ ಓದುಗರಿಗೆಂದೇ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಸುದ್ದಿ ಕೊಡತೊಡಗಿತು. ಕನ್ನಡದ ಪರದೆಯನ್ನು ಕಟ್ಟುವ ಕೈಗಳು ಆ ಊರಿನಲ್ಲಿ ಹೊಸದಾಗಿ ಹುಟ್ಟಬೇಕಿಲ್ಲ.

ಹಕ್ಕಿನ ಮಾತು

ಜಾಲತಾಣ ಎಲ್ಲರಿಗೂ ಎಟುಕುವಂತಿರುವುದು ಈಗ ಸೌಜನ್ಯದ ವಿಷಯವಾಗಿ ಉಳಿದಿಲ್ಲ. ಈ ತಿರುವಿಗೂ ಹೈದರಾಬಾದಿನ ಕೊಡುಗೆ ಇದೆ. ಅಂಗವಿಕಲರ ಹಕ್ಕುಗಳ ಕುರಿತ ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರದಿಂದ ವರದಿ ತರಿಸಿಕೊಂಡಿತು. ಅದನ್ನು ಆಧರಿಸಿ 2024ರ ನವೆಂಬರ್ 8ರಂದು ತೀರ್ಪು ಕೊಡುತ್ತ, ಕಟ್ಟಡ, ಸಾರಿಗೆ, ಮಾಹಿತಿ ತಂತ್ರಜ್ಞಾನಗಳು ಎಲ್ಲರಿಗೂ ಎಟುಕುವಂತೆ ಮಾಡುವ ನಿಯಮಗಳು ಬರೀ ಸಲಹೆಯಂತಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಎಂದಿತು. 2025ರ ಏಪ್ರಿಲ್ 30ರಂದು, ಆ್ಯಸಿಡ್ ದಾಳಿಗೆ ತುತ್ತಾದವರೂ ದೃಷ್ಟಿದೋಷ ಇರುವವರೂ ಇ-ಕೆವೈಸಿಯಲ್ಲಿ, ಅಂದರೆ ಆನ್‌ಲೈನ್ ಗುರುತು ಪರಿಶೀಲನೆಯಲ್ಲಿ, ಪಡುವ ಪಾಡಿನ ಕುರಿತ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿತು. ಕಣ್ಣು ಮಿಟುಕಿಸಿ ತೋರಿಸಿ ಎಂದು ಪರದೆ ಕೇಳಿದರೆ, ದಾಳಿಯಲ್ಲಿ ರೆಪ್ಪೆಯನ್ನೇ ಕಳೆದುಕೊಂಡವರು ಏನು ಮಾಡಬೇಕು?

ಸರ್ಕಾರಿ ತಾಣಗಳಿಗೆ 2009ರಿಂದಲೇ ಮಾರ್ಗಸೂಚಿ ಇದೆ. ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಜಿಲ್ಲಾ ತಾಣಗಳಿಗೆಂದು ಎಲ್ಲ ಪರದೆಗೂ ಹೊಂದುವ ಸಿದ್ಧ ಚೌಕಟ್ಟನ್ನೂ ಒದಗಿಸಿದೆ. ಪಾಲಿಸಬೇಕಾದದ್ದು ಕಠಿಣವೇನಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅನುಪಾತದಲ್ಲಿ ಬಣ್ಣದ ವ್ಯತ್ಯಾಸವಿರಲಿ. ಚಿತ್ರಕ್ಕೆ ಮಾತಿನ ವಿವರಣೆ ಇರಲಿ, ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ. ಬೆರಳಿಗೆ ಸಿಗುವಷ್ಟು ದೊಡ್ಡ ಗುಂಡಿ ಇರಲಿ. ಅರ್ಜಿಯಲ್ಲಿ ತಪ್ಪಾದರೆ ಎಲ್ಲಿ ತಪ್ಪಾಯಿತೆಂದು ಮಾತಿನಲ್ಲಿ ಹೇಳಲಿ. ಕೆಂಪು ಗೆರೆ ಮಾತ್ರ ಎಳೆದರೆ ಬಣ್ಣ ಗುರುತಿಸಲಾಗದವರಿಗೆ ತಿಳಿಯದು.

ಉದ್ಘಾಟನೆ ಒಂದೇ ದಿನದ ಹಬ್ಬವಲ್ಲ

ಹೊಸ ತಾಣವನ್ನು ಸಚಿವರಿಂದಲೋ ಅಧ್ಯಕ್ಷರಿಂದಲೋ ಗುಂಡಿ ಒತ್ತಿಸಿ ಬಿಡುಗಡೆ ಮಾಡುವುದು ನಮ್ಮ ರೂಢಿ. ದಿನಾಂಕ ಮೊದಲು ಗೊತ್ತಾಗುತ್ತದೆ, ಕೆಲಸ ಅದರ ಹಿಂದೆ ಓಡುತ್ತದೆ. ಇದರಿಂದ ದೊಡ್ಡ ದೊಡ್ಡ ಯೋಜನೆಗಳೇ ಮುಗ್ಗರಿಸಿವೆ. ಅಮೆರಿಕದ ಆರೋಗ್ಯ ವಿಮೆ ತಾಣ ‘ಹೆಲ್ತ್‌ಕೇರ್ ಡಾಟ್ ಗವ್’ 2013ರ ಅಕ್ಟೋಬರ್ 1ರಂದು ತೆರೆದಾಗ ಲಕ್ಷಾಂತರ ಜನ ಮುಗಿಬಿದ್ದರು. ಮೊದಲ ದಿನ ನೋಂದಣಿ ಪೂರೈಸಲು ಸಾಧ್ಯವಾದದ್ದು 6 ಮಂದಿಗೆ. ನಮ್ಮ ಆದಾಯ ತೆರಿಗೆ ಇಲಾಖೆಯ ಹೊಸ ಪೋರ್ಟಲ್ 2021ರ ಜೂನ್ 7ರಂದು ಬಂದಾಗ ಲಾಗಿನ್‌ನಿಂದ ಹಿಡಿದು ದೂರುಗಳ ಸಾಲು ಬೆಳೆಯಿತು. ಕಟ್ಟಿದ್ದು ಇನ್ಫೊಸಿಸ್. ಹಣಕಾಸು ಸಚಿವರು ಬಹಿರಂಗವಾಗಿ ಅಸಮಾಧಾನ ತೋರಿಸಿದರು, ಆಗಸ್ಟ್‌ನಲ್ಲಿ ಕಂಪನಿಯ ಮುಖ್ಯಸ್ಥರನ್ನು ಕರೆಸಿಕೊಂಡರು, ರಿಟರ್ನ್ ಸಲ್ಲಿಸುವ ಕೊನೆಯ ದಿನ ಮುಂದೆ ಹೋಯಿತು. ತಿದ್ದುಪಡಿಗಳು ನಡೆದು ಡಿಸೆಂಬರ್ 31ರ ಹೊತ್ತಿಗೆ 5.89 ಕೋಟಿ ರಿಟರ್ನ್‌ಗಳು ಸಲ್ಲಿಕೆಯಾದವು. ಬಿದ್ದದ್ದು ಎದ್ದಿತು, ಆದರೆ ನಡುವಿನ ತಿಂಗಳುಗಳ ತೊಂದರೆ ಅನುಭವಿಸಿದವರು ತೆರಿಗೆ ಕಟ್ಟುವವರು.

ಬ್ರಿಟನ್ ಬೇರೆ ದಾರಿ ಹಿಡಿದಿತ್ತು. ‘ಗವ್ ಡಾಟ್ ಯುಕೆ’ ತಾಣದ ಮೊದಲ ಕಚ್ಚಾ ರೂಪವನ್ನು 2011ರ ಮೇನಲ್ಲಿ ಸಾರ್ವಜನಿಕರ ಮುಂದಿಟ್ಟರು. 2012ರ ಆರಂಭದಲ್ಲಿ ಬೀಟಾ ಆವೃತ್ತಿ ಬಂತು, ಹಳೆಯ ತಾಣ ಜೊತೆಯಲ್ಲೇ ನಡೆದಿತ್ತು. ಜನ ಬಳಸಿ ಹೇಳಿದ್ದನ್ನೆಲ್ಲ ತಿದ್ದಿ 2012ರ ಅಕ್ಟೋಬರ್ 17ರಂದು ಹಳೆಯದನ್ನು ಮುಚ್ಚಿದರು. ಮರುವರ್ಷ ಆ ತಾಣಕ್ಕೆ ಲಂಡನ್ನಿನ ಡಿಸೈನ್ ಮ್ಯೂಸಿಯಂನ ವರ್ಷದ ವಿನ್ಯಾಸ ಪ್ರಶಸ್ತಿ ಬಂತು. ಕಣ್ಣು ಕೋರೈಸುವ ಚಿತ್ರ ಒಂದೂ ಅದರಲ್ಲಿರಲಿಲ್ಲ.

ಚಿಕ್ಕ ಸಂಸ್ಥೆಗೂ ಈ ಕ್ರಮ ಅಸಾಧ್ಯವಲ್ಲ. ಐದು ಜನರನ್ನು ಕೂರಿಸಿ ನೋಡಿದರೆ ಮುಖ್ಯ ತೊಡಕುಗಳಲ್ಲಿ ಹೆಚ್ಚಿನವು ಹೊರಬೀಳುತ್ತವೆ ಎಂದು ಬಳಕೆ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ಅಬಿಡ್ಸ್‌ನ ಜಗದೀಶ್ ಮಾರ್ಕೆಟ್‌ನಲ್ಲಿ ಹಳೆಯ ಫೋನುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಪರದೆ ಗೀರುಬಿದ್ದ, ಮೆಮೊರಿ ತುಂಬಿದ ಅಂಥ ಒಂದೆರಡು ಫೋನು ಪರೀಕ್ಷೆಯ ಮೇಜಿನ ಮೇಲಿರಲಿ. ಅಮೀರ್‌ಪೇಟೆಯ ಕೋಚಿಂಗ್ ಬೀದಿಗಳಲ್ಲಿ ವೆಬ್ ಕೆಲಸ ಕಲಿಯುವ ಹುಡುಗ ಹುಡುಗಿಯರಿಗೆ ಕೋಡ್ ಬರೆಯುವಷ್ಟೇ ಶ್ರದ್ಧೆಯಿಂದ ಈ ನೋಡುವ ಕೆಲಸವನ್ನೂ ಕಲಿಸಬೇಕು. ಬಳಸುವವರ ಹಿಂದೆ ಕೂತು, ಬಾಯಿ ಹಾಕದೆ, ಅವರು ಎಲ್ಲಿ ತಡವರಿಸುತ್ತಾರೆ ಎಂದು ಗಮನಿಸುವುದೇ ಒಂದು ವಿದ್ಯೆ.

ಹಳೆಯ ವಿಳಾಸಗಳ ಕಡೆಗೂ ಗಮನ ಬೇಕು. ಮನೆ ಬದಲಿಸುವಾಗ ಅಂಚೆಯವರಿಗೆ ಹೊಸ ವಿಳಾಸ ಕೊಟ್ಟು ಬರುವಂತೆ, ಪ್ರತಿ ಹಳೆಯ ಪುಟದಿಂದ ಹೊಸದಕ್ಕೆ ಕಾಯಂ ರೀಡೈರೆಕ್ಟ್ ಹಾಕಬೇಕು. ಇಲ್ಲದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡ ಕೊಂಡಿಗಳು, ಹುಡುಕುತಾಣದ ಫಲಿತಾಂಶಗಳು ಒಂದೇ ರಾತ್ರಿಯಲ್ಲಿ ಸತ್ತುಹೋಗುತ್ತವೆ. ಬಿಡುಗಡೆಯನ್ನು ಸೇವೆಯ ಒತ್ತಡ ಕಡಿಮೆ ಇರುವ ದಿನಕ್ಕೆ, ತಂಡದ ಎಲ್ಲರೂ ಮರುದಿನವೂ ಕೆಲಸದಲ್ಲಿರುವ ದಿನಕ್ಕೆ ಇಡಬೇಕು. ಎಡವಟ್ಟಾದರೆ ಹಳೆಯದಕ್ಕೆ ಮರಳುವ ದಾರಿಯನ್ನು ಮೊದಲೇ ಒಮ್ಮೆ ನಡೆದು ನೋಡಿರಬೇಕು.

ಬಿಡುಗಡೆಯ ಮರುದಿನ

ನಿಜವಾದ ಕೆಲಸ ಆಮೇಲೆ. ಪ್ರತಿ ಪುಟಕ್ಕೂ ಹೊಣೆಗಾರರ ಹೆಸರು, ಮತ್ತೆ ಪರಿಶೀಲಿಸುವ ದಿನಾಂಕ ಗೊತ್ತುಮಾಡದಿದ್ದರೆ ಕೆಲವೇ ವರ್ಷಗಳಲ್ಲಿ ತಾಣ ಮತ್ತೆ ಹಳೆಯ ಸ್ಥಿತಿಗೆ ಬರುತ್ತದೆ. ಬಜೆಟ್ಟಿನ ಎಲ್ಲ ಹಣವನ್ನೂ ಕಟ್ಟುವುದಕ್ಕೇ ಸುರಿದು ನೋಡಿಕೊಳ್ಳುವುದಕ್ಕೆ ಏನೂ ಉಳಿಸದ ಸಂಸ್ಥೆಗಳು ಐದು ವರ್ಷಕ್ಕೊಮ್ಮೆ ಅದೇ ಖರ್ಚನ್ನು ಮತ್ತೆ ಮಾಡುತ್ತವೆ.

ಹೈದರಾಬಾದಿನ ಆಸ್ಪತ್ರೆಗಳಿಗೂ ಕಲ್ಯಾಣ ಕರ್ನಾಟಕದ ಜನ ಎಡತಾಕುವ ಎಲ್ಲ ಸಂಸ್ಥೆಗಳಿಗೂ ನನ್ನದೊಂದು ಬೇಡಿಕೆ ಇದೆ. ನಿಮ್ಮ ಮುಂದಿನ ಮರುವಿನ್ಯಾಸದಲ್ಲಿ ಒಂದೇ ಒಂದು ಕನ್ನಡ ಪುಟ ಇರಲಿ. ವೈದ್ಯರ ದಿನ, ಚೀಟಿಯ ಸಮಯ, ಬೇಕಾದ ದಾಖಲೆ, ಕಾರ್ಡಿನ ನಿಯಮ, ಯಾವ ಗೇಟು, ಕನ್ನಡ ಬಲ್ಲವರೊಬ್ಬರು ಎತ್ತುವ ಫೋನ್ ನಂಬರ್ ಇಷ್ಟು ಸಾಕು. ಚಿತ್ರ ಬೇಡ, ಅಧ್ಯಕ್ಷರ ಸಂದೇಶ ಬೇಡ. ಯುನಿಕೋಡ್ ಕನ್ನಡದಲ್ಲಿ ಬರೆದ ಅಂಥ ಪುಟ ಕೆಲವೇ ಕೆಬಿ ತೂಗುತ್ತದೆ, ಕ್ಷೀಣ ಸಿಗ್ನಲ್‌ನಲ್ಲೂ ತೆರೆಯುತ್ತದೆ. ಬೀದರ್, ರಾಯಚೂರು, ಕಲಬುರಗಿಯ ಆಸ್ಪತ್ರೆ, ಬಸ್ ನಿಲ್ದಾಣ, ಸಂಘಸಂಸ್ಥೆಗಳ ತಾಣಗಳಿಗೂ ಇದೇ ಮಾತು: ತೆಲುಗು, ಉರ್ದು ಬಲ್ಲವರೂ ನಿಮ್ಮ ಬಾಗಿಲಿಗೆ ಬರುತ್ತಾರೆ. ಎರಡು ರಾಜ್ಯಗಳ ನಡುವೆ ಓಡಾಡುವ ಜನರಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಬೇಗ ಮಾಡಬಹುದಾದ ಉಪಕಾರ ಇನ್ನೊಂದಿಲ್ಲ. ಇದಕ್ಕೆ ಹೊಸ ತಂತ್ರಜ್ಞಾನಕ್ಕಾಗಿ ಕಾಯಬೇಕಿಲ್ಲ. ಯಾರಿಗೆ ಮೊದಲ ಮಣೆ ಎಂದು ತೀರ್ಮಾನಿಸಿದರೆ ಬರುವ ವಾರವೇ ಮಾಡಿ ಮುಗಿಸಬಹುದು.